ಟ್ಯೂಬಿಂಗೆನ್‌ನಿಂದ ಮಂಗಳೂರಿಗೆ

ಗೆಳೆಯಾ,

ಬಜ್ಪೆಯಲ್ಲಿ ಬೀಳ್ಕೊಡುವಾಗ "ಬರ್ಲಿನ್ ಬಿಟ್ಟು ಟ್ಯೂಬಿಂಗೆನ್ ಅನ್ನೋ ಹೆಸರೇ ಕೇಳದ ಊರಿಗೆ ಯಾಕೋ ಹೋಗ್ತಿದ್ದೀಯ?" ಅಂತ ಕೇಳಿದ್ದೆಯಲ್ಲ. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಇದೆ, ಸ್ವಲ್ಪ ಜಾಸ್ತಿಯೇ ಇದೆ.

ಮೊನ್ನೆ ಶನಿವಾರ ನಮ್ಮ ಜರ್ಮನ್ ಟೀಚರ್ ನಾಲ್ಕು ನಾಲ್ಕು ಜನರ ಗುಂಪು ಮಾಡಿದರು. ಕೈಗೊಂದು ನಕ್ಷೆ ಕೊಟ್ಟು, "ಫೋನ್ ಮುಟ್ಟಬೇಡಿ, ದಾರಿ ತಪ್ಪಿದರೆ ಜನರನ್ನೇ ಕೇಳಿ" ಅಂತ ಹೊರಗೆ ಕಳಿಸಿದರು. ನಮ್ಮ ಗುಂಪಿನಲ್ಲಿ ನಾನು, ತಲಶ್ಶೇರಿಯ ಒಬ್ಬಳು, ಕೊರಿಯಾದ ಇಬ್ಬರು ಹುಡುಗರು. ಹತ್ತೇ ನಿಮಿಷಕ್ಕೆ ದಾರಿ ತಪ್ಪಿತು. ಒಬ್ಬ ಅಜ್ಜನನ್ನು ಕೇಳಿದೆವು. ಪಾಪ, ತುಂಬ ಪ್ರೀತಿಯಿಂದ ಐದು ನಿಮಿಷ ವಿವರಿಸಿದರು. ಒಂದಕ್ಷರ ಅರ್ಥವಾಗಲಿಲ್ಲ. ಇಲ್ಲಿಯವರು ಆಡುವುದು ಸ್ವಾಬಿಯನ್, ಪದಗಳ ತುದಿಗೆ 'ಲೆ' ಅಂಟಿಸುವ ಮಾತು. ಪುಸ್ತಕದ ಕನ್ನಡ ಕಲಿತು ಕುಂದಾಪುರದಲ್ಲಿ ಬಸ್ಸಿಳಿದವನ ಪಾಡು ನಮ್ಮದು.

ಅಲೆದಾಡಿದ್ದು ಒಳ್ಳೆಯದೇ ಆಯಿತು. 1435ರಲ್ಲಿ ಕಟ್ಟಿದ ಪುರಭವನ, ಅದರ ನೆತ್ತಿಯ ಮೇಲೆ 1511ರ ಖಗೋಳ ಗಡಿಯಾರ, ಎಲ್ಲ ನೋಡಿದೆವು. ನನಗೆ ಹೆಚ್ಚು ಇಷ್ಟವಾದದ್ದು ಮಾತ್ರ ಒಂದು ಬೋರ್ಡು. ಕವಿ ಗಯಟೆ 1797ರಲ್ಲಿ ಬಂದು ತಂಗಿದ್ದ ಮನೆಯ ಮೇಲೆ 'ಇಲ್ಲಿ ಗಯಟೆ ವಾಸವಿದ್ದ' ಅಂತ ಗಂಭೀರವಾಗಿ ಬರೆದಿದ್ದಾರೆ. ಪಕ್ಕದ ವಿದ್ಯಾರ್ಥಿಗಳ ಹಾಸ್ಟೆಲ್ ಕಟ್ಟಡದಲ್ಲಿ 'ಇಲ್ಲಿ ಗಯಟೆ ವಾಂತಿ ಮಾಡಿದ' ಅಂತಿದೆ! ಹಾಸ್ಟೆಲ್ ಹುಡುಗರ ಬುದ್ಧಿ ಎಲ್ಲ ಕಡೆ ಒಂದೇ, ಅಲ್ವಾ?

ಮೇಲೆ ಕೋಟೆಗೂ ಹತ್ತಿದೆವು. ನೀನು ಬಯೋಟೆಕ್ ಓದಿದವನು, ಇದನ್ನು ಕೇಳಿ ಹೊಟ್ಟೆ ಉರಿಸಿಕೋ. ಕೋಟೆಯ ಹಳೇ ಅಡುಗೆಮನೆಯೇ ಒಂದು ಕಾಲಕ್ಕೆ ಪ್ರಯೋಗಾಲಯ. 1869ರಲ್ಲಿ ವಿಜ್ಞಾನಿ ಫ್ರೀಡ್ರಿಕ್ ಮೀಷರ್, ಆಸ್ಪತ್ರೆಯಿಂದ ತರಿಸಿದ ಕೀವಿನ ಬಟ್ಟೆಗಳನ್ನು ತೊಳೆದು ತೊಳೆದು, ನಾವು ಈಗ ಡಿಎನ್‌ಎ ಅನ್ನುವ ವಸ್ತುವನ್ನು ಮೊದಲು ಬೇರ್ಪಡಿಸಿದ್ದು ಅಲ್ಲೇ.

ಕೆಳಗಿಳಿದು ಕಾಫಿ ತೆಗೆದುಕೊಂಡೆವು. ಬಿಸಾಡುವ ಲೋಟಕ್ಕೆ 50 ಸೆಂಟ್ ತೆರಿಗೆ! 2022ರಿಂದ ಈ ಊರಿನ ಕಾಯ್ದೆ. ಸುಮ್ನೆ ಕುಡಿದೆ.

ಅಲ್ಲೇ ನೆಕರ್ ನದಿಯ ದಂಡೆಯಲ್ಲಿ ಒಂದು ಹಳದಿ ಗೋಪುರ. ಕವಿ ಹೋಲ್ಡರ್ಲಿನ್ ಮನಸ್ಸು ಕದಡಿದ ಮೇಲೆ 1807ರಿಂದ 36 ವರ್ಷ ಅಲ್ಲಿದ್ದ. ನೋಡಿಕೊಂಡದ್ದು ಒಬ್ಬ ಬಡಗಿಯ ಮನೆಯವರು. 1843ರ ಜೂನ್‌ನಲ್ಲಿ ತೀರಿಕೊಂಡ. ಇಸವಿ ಓದಿದ ಕೂಡಲೇ ನನಗೆ ಏನೋ ಹೊಳೆಯಿತು. ಅದೇ ವರ್ಷ ಜುಲೈ 1ಕ್ಕಲ್ಲವೇ ನಿನ್ನೂರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಹೊರಬಂದದ್ದು? ಅದನ್ನು ಹೊರತಂದ ಮಿಷನರಿ ಹರ್ಮನ್ ಮೊಗ್ಲಿಂಗ್ ಓದಿದ್ದು ಇದೇ ಟ್ಯೂಬಿಂಗೆನ್‌ನಲ್ಲಿ. ಆಗ ಕವಿ ಈ ಗೋಪುರದಲ್ಲೇ ಇದ್ದ. ಮೊಗ್ಲಿಂಗ್ ನದಿ ಪಕ್ಕ ನಡೆಯುವಾಗ ಒಂದು ದಿನವಾದರೂ ತಲೆಯೆತ್ತಿ ಆ ಕಿಟಕಿ ನೋಡಿರಬಹುದಾ? ನಾನು ನೋಡಿದೆ. ಖಾಲಿ ಇತ್ತು.

ಇನ್ನೂ ಕೇಳು. ನಮ್ಮ ಕಿಟೆಲ್ ತೀರಿಕೊಂಡದ್ದೂ ಇದೇ ಊರಲ್ಲಿ, 1903ರಲ್ಲಿ. ಅವರ ಸುಮಾರು 70 ಸಾವಿರ ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಲ್ಲಿ 1894ರಲ್ಲಿ ಅಚ್ಚಾಯಿತು. ಎರಡು ವರ್ಷಕ್ಕೆ ಇಲ್ಲಿನ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ಕೊಟ್ಟಿತು. ನಾನು ದಾರಿ ಕೇಳಲು ತಡವರಿಸಿದ ಈ ಬೀದಿಗಳಲ್ಲೇ ಒಬ್ಬ ಮುದುಕ 'ಒರಲೆ', 'ಒರಳು' ಅಂತೆಲ್ಲ ಗೊಣಗುತ್ತ ಓಡಾಡಿರಬೇಕು ಅಂತ ಅಂದುಕೊಂಡು ನಗು ಬಂತು. ಯಾಕೋ ಗಂಟಲೂ ಕಟ್ಟಿತು.

ಇದನ್ನೆಲ್ಲ ಜಂಬದಿಂದ ಹೇಳಿದರೆ ತಲಶ್ಶೇರಿಯವಳು ಬಿಡಬೇಕಲ್ಲ! ಮಲಯಾಳಂ ನಿಘಂಟು ಮಾಡಿದ ಗುಂಡರ್ಟ್ ಓದಿದ್ದೂ ಇಲ್ಲೇ, ಇದ್ದದ್ದು ನಮ್ಮ ತಲಶ್ಶೇರಿಯಲ್ಲಿ, ಅವರ ಹೆಸರಲ್ಲಿ ಇಲ್ಲಿ ಮಲಯಾಳಂ ಪೀಠವೇ ಇದೆ ಅಂದಳು. ಪೀಠದ ಮಾತಿಗೆ ನಾನು ಬಾಯಿ ಮುಚ್ಚಿದೆ. ಕೊರಿಯಾದ ಹುಡುಗರು ನಮ್ಮಿಬ್ಬರ ಜಗಳ ನೋಡುತ್ತ ಕಾಫಿ ಮುಗಿಸಿದರು.

ನಿನ್ನಿಂದ ಒಂದು ಕೆಲಸ ಆಗಬೇಕು. ಬಲ್ಮಠದ ಕಡೆ ಹೋದಾಗ ಕಿಟೆಲ್ ನಿಘಂಟು ಅಚ್ಚಾದ ಆ ಹಳೇ ಬಾಸೆಲ್ ಮಿಷನ್ ಪ್ರೆಸ್ಸಿನ ಫೋಟೊ ತೆಗೆದು ಕಳಿಸು. ಚೆನ್ನಾಗಿ ಬರಲಿ. ಅವಳಿಗೆ ತೋರಿಸಬೇಕು.

ನಿನ್ನ ಗೆಳೆಯ