ಕೋಚ್ ಮತ್ತು ಚಿಪ್ಪು

ಸಂಪಾದಕರೇ,

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಲಕ್ರಾಸ್ ಮರಳುತ್ತಿದೆ. ಬಲೆ ಕಟ್ಟಿದ ಕೋಲಿನಿಂದ ಚೆಂಡು ಹಿಡಿದು ಎಸೆಯುವ ಆಟ. ಈ ಹೊತ್ತಿಗೆ ರೆಜಿನಾಲ್ಡ್ ಟ್ರೂಯಿಟ್ (1890–1991) ಅವರನ್ನು ನೆನೆಯಬೇಕು ಅನಿಸಿತು.

ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಅವರು ಲಕ್ರಾಸ್ ಕೋಚ್. ಅಲ್ಲೇ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರೂ ಹೌದು. 1925ರಲ್ಲಿ ಚೆಸಪೀಕ್ ಕೊಲ್ಲಿಯ ದಡದ ಸೊಲೊಮನ್ಸ್ ಎಂಬ ಊರಿನಲ್ಲಿ ಒಂದು ಜೀವಶಾಸ್ತ್ರ ಪ್ರಯೋಗಾಲಯ ಶುರು ಮಾಡಿದರು. ಅದು ಇಂದಿಗೂ ನಡೆಯುತ್ತಿದೆ.

ಅವರ ಜೀವ ಇದ್ದದ್ದು ಆಯ್ಸ್ಟರ್‌ಗಳ, ಅಂದರೆ ಜನ ತಿನ್ನುವ ಸಿಂಪಿಗಳ ಮೇಲೆ. ಆ ಕೊಲ್ಲಿಯಲ್ಲಿ ಅವನ್ನು ಮಿತಿಮೀರಿ ಬಾಚಿದ್ದರು. ಆಯ್ಸ್ಟರ್ ಮರಿ ಸ್ವಲ್ಪ ದಿನ ನೀರಿನಲ್ಲಿ ತೇಲಿ, ಆಮೇಲೆ ಗಟ್ಟಿಯಾದ ಜಾಗ ಹುಡುಕಿ ಅಂಟಿಕೊಳ್ಳುತ್ತದೆ. ಅದಕ್ಕೆ ಹಳೆಯ ಆಯ್ಸ್ಟರ್ ಚಿಪ್ಪು ತುಂಬ ಒಳ್ಳೆಯ ಜಾಗ. ತಿಂದವರು ಚಿಪ್ಪನ್ನೆಲ್ಲ ರಸ್ತೆಗೂ ಸುಣ್ಣಕ್ಕೂ ಹಾಕಿದರೆ ಮುಂದಿನ ಪೀಳಿಗೆ ಕೂರುವುದೆಲ್ಲಿ? ದೊಡ್ಡ ಆಯ್ಸ್ಟರ್ ಒಂದೊಂದೂ ದಿನಕ್ಕೆ 190 ಲೀಟರ್‌ವರೆಗೆ ನೀರು ಸೋಸಬಲ್ಲದು. ಅವು ಹೋದರೆ ನೀರೂ ಕೆಡುತ್ತದೆ.

ಮಕ್ಕಳಿಗೆ 'ಆಟ ಬಿಡು, ಓದು' ಅನ್ನುತ್ತಲೇ ಇರುತ್ತೇವೆ, ಅಲ್ವಾ? ಟ್ರೂಯಿಟ್ ಎರಡನ್ನೂ ಬಿಡಲಿಲ್ಲ. ಒಲಿಂಪಿಕ್ಸ್ ಬರುವಾಗ ನಿಮ್ಮ ಕ್ರೀಡಾ ಪುಟದಲ್ಲಿ ಅವರಿಗೂ ಒಂದಿಷ್ಟು ಜಾಗ ಕೊಡಿ.

– ಓದುಗ, ಮೈಸೂರು