ನೌಕರರಿಗೇ ಸುದ್ದಿ ಕೊನೆಗೆ ಯಾಕೆ?

ಮಾನ್ಯ ಸಂಪಾದಕರೇ,

ಆಡಳಿತದವರಿಗೂ ನೌಕರರಿಗೂ ನಡುವೆ ಮಾತುಕತೆ ಚೆನ್ನಾಗಿರಬೇಕು ಅಂತ ಎಲ್ಲ ಕಂಪನಿಗಳೂ ಹೇಳುತ್ತವೆ. ಅದಕ್ಕೆ ಮಾಡುವುದೇನು ನೋಡಿ. ಇನ್ನೊಂದು ವಾಟ್ಸಾಪ್ ಗ್ರೂಪ್, ಇನ್ನೊಂದು ಆ್ಯಪ್, ತಿಂಗಳಿಗೊಂದು ಉದ್ದನೆಯ ಇಮೇಲ್. ಹುಟ್ಟುಹಬ್ಬದ ಶುಭಾಶಯ, ಪ್ರಶಸ್ತಿ ಪಡೆದವರ ಫೋಟೋ ಎಲ್ಲ ತಪ್ಪದೆ ಬರುತ್ತವೆ. ಆದರೆ ಶಿಫ್ಟ್ ಬದಲಾಗುತ್ತದೆಯಾ, ನಮ್ಮ ವಿಭಾಗ ಉಳಿಯುತ್ತದೆಯಾ, ಈ ಸಲ ಇನ್‌ಕ್ರಿಮೆಂಟ್ ಇದೆಯಾ ಅನ್ನುವುದು ಮಾತ್ರ ಹೊರಗಿನವರಿಗೆಲ್ಲ ಗೊತ್ತಾದ ಮೇಲೆ ನಮ್ಮ ಕಿವಿಗೆ ಬೀಳುತ್ತದೆ. ಇದು ಸರಿಯಲ್ಲ ಅಂತ ಹೇಳುವುದಕ್ಕೇ ಈ ಪತ್ರ.

ನಾನು ಕೆಲಸ ಮಾಡುವ ಕಡೆ ನಡೆದದ್ದನ್ನೇ ಹೇಳುತ್ತೇನೆ. ಒಂದು ವಿಭಾಗವನ್ನು ಪಕ್ಕದ ಕಟ್ಟಡಕ್ಕೆ ಸಾಗಿಸುವ ತೀರ್ಮಾನ ಆಗಿತ್ತು. ಅಷ್ಟೇ ವಿಷಯ, ಯಾರಿಗೂ ನಷ್ಟ ಇರಲಿಲ್ಲ. ಆದರೆ ಮೇಲಿನವರು ಯಾರೂ ಬಾಯಿ ಬಿಡಲಿಲ್ಲ. ಒಂದು ದಿನ ಯಾರೋ ಬಂದು ಮೆಷಿನ್‌ಗಳ ಅಳತೆ ತೆಗೆದುಕೊಂಡು ಹೋದರು. ಸಂಜೆಯೊಳಗೆ ವಿಭಾಗ ಮುಚ್ಚುತ್ತಾರಂತೆ, ಅರ್ಧ ಜನರನ್ನು ತೆಗೆಯುತ್ತಾರಂತೆ ಅಂತ ಗುಸುಗುಸು ಶುರುವಾಯಿತು. ಕೈ ಪಳಗಿದ ಇಬ್ಬರು ಬೇರೆ ಕಡೆ ಕೆಲಸ ನೋಡಿಕೊಂಡು ಹೋಗಿಯೇಬಿಟ್ಟರು. ಕೊನೆಗೆ ನಿಜ ಸಂಗತಿ ನೋಟಿಸ್ ಬೋರ್ಡಿಗೆ ಬಂದಾಗ ಅದನ್ನು ನಂಬುವವರೇ ಇರಲಿಲ್ಲ. ಅದರ ಜೊತೆಗೇ, ಗಾಳಿಸುದ್ದಿ ಹಬ್ಬಿಸಿದರೆ ಕ್ರಮ ತೆಗೆದುಕೊಳ್ಳುತ್ತೇವೆ ಅಂತ ಇನ್ನೊಂದು ನೋಟಿಸ್! ಜನರಿಗೆ ವಿಷಯ ಸಿಗದಿದ್ದರೆ ಅವರು ಊಹೆ ಮಾಡಿಯೇ ಮಾಡುತ್ತಾರೆ. ಸಂಬಳ ನಂಬಿಕೊಂಡು ಬದುಕುವವರ ಊಹೆ ಯಾವಾಗಲೂ ಕೆಟ್ಟದ್ದರ ಕಡೆಗೇ ಹೋಗುತ್ತದೆ, ಅಲ್ವಾ?

ತೀರ್ಮಾನ ಪೂರ್ತಿ ಆಗುವವರೆಗೆ ಹೇಳುವುದು ಹೇಗೆ ಅಂತ ಮ್ಯಾನೇಜರ್‌ಗಳು ಕೇಳುತ್ತಾರೆ. ಪೂರ್ತಿ ಹೇಳಬೇಕಾಗಿಲ್ಲ. ಇಷ್ಟು ತೀರ್ಮಾನ ಆಗಿದೆ, ಇಷ್ಟು ಆಗಿಲ್ಲ, ಉಳಿದದ್ದನ್ನು ಮುಂದಿನ ಸೋಮವಾರ ಹೇಳುತ್ತೇವೆ ಅಂದರೆ ಸಾಕು. ಆ ಸೋಮವಾರ ಹೊಸದೇನೂ ಇಲ್ಲದಿದ್ದರೂ ಬಂದು, ಇನ್ನೂ ಏನೂ ಆಗಿಲ್ಲ ಅಂತ ಹೇಳಿ ಹೋಗಬೇಕು. ಯಾಕೆ ಈ ತೀರ್ಮಾನ ಅನ್ನುವುದನ್ನೂ ಹೇಳಬೇಕು. ಕಾರಣ ಗೊತ್ತಾದರೆ ಕಹಿ ಸುದ್ದಿಯನ್ನೂ ಜನ ತಡೆದುಕೊಳ್ಳುತ್ತಾರೆ.

ಇದನ್ನು ಹೇಳಬೇಕಾದವರು ದಿನಾ ನಮ್ಮ ಜೊತೆ ನಿಂತು ಕೆಲಸ ಮಾಡಿಸುವ ಸೂಪರ್‌ವೈಸರ್. ಅವರನ್ನು ಕೇಳುವುದು ಸುಲಭ, ಭಯವೂ ಇರುವುದಿಲ್ಲ. ಆದರೆ ಎಷ್ಟೋ ಕಡೆ ಸೂಪರ್‌ವೈಸರ್‌ಗೂ ನಮ್ಮ ಹಾಗೇ ನೋಟಿಸ್ ಓದಿದ ಮೇಲೆಯೇ ಗೊತ್ತಾಗುವುದು. ಪಾಪ, ಅವರೇನು ಉತ್ತರ ಕೊಟ್ಟಾರು? ಹತ್ತು ಜನ ಸುತ್ತುವರಿದು ಕೇಳುವ ಮೊದಲು ಅವರನ್ನು ಕೂರಿಸಿಕೊಂಡು ಸರಿಯಾಗಿ ತಿಳಿಸಿರಬೇಕು. ರಾತ್ರಿ ಶಿಫ್ಟಿನವರು, ಗುತ್ತಿಗೆ ಕೆಲಸಗಾರರು, ಕ್ಲೀನಿಂಗಿನವರು, ಡ್ರೈವರ್‌ಗಳು ಇವರಿಗೆಲ್ಲ ಕಂಪನಿಯ ಇಮೇಲ್ ಇರುವುದೇ ಕಡಿಮೆ. ಎಲ್ಲರಿಗೂ ಮೇಲ್ ಹಾಕಿದ್ದೇವೆ ಅನ್ನುವ ಲೆಕ್ಕದಲ್ಲಿ ಇವರು ಸೇರಿರುವುದೇ ಇಲ್ಲ.

ಇನ್ನು ಕೆಳಗಿನಿಂದ ಮೇಲಕ್ಕೆ ಹೋಗುವ ಮಾತು. ನನ್ನ ಪ್ರಕಾರ ದೊಡ್ಡ ತೊಂದರೆ ಇರುವುದೇ ಇಲ್ಲಿ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಿದ 73 ಸೆಕೆಂಡಿಗೆ ಛಿದ್ರವಾಗಿ ಏಳು ಜನ ಸತ್ತರು. ಚಳಿಯಲ್ಲಿ ರಾಕೆಟ್ಟಿನ ರಬ್ಬರ್ ಸೀಲುಗಳು ಕೈಕೊಡಬಹುದು, ಹಾರಿಸುವುದು ಬೇಡ ಅಂತ ಆ ರಾಕೆಟ್ ತಯಾರಿಸಿದ ಕಂಪನಿಯ ಎಂಜಿನಿಯರ್‌ಗಳು ಹಿಂದಿನ ರಾತ್ರಿಯೇ ಹೇಳಿದ್ದರು. ಅವರ ಮ್ಯಾನೇಜರ್‌ಗಳೇ ಆ ಮಾತನ್ನು ಬದಿಗಿಟ್ಟು ಒಪ್ಪಿಗೆ ಕೊಟ್ಟರು, ಹಾರಿಸಲು ಕೊನೆಯ ತೀರ್ಮಾನ ಮಾಡಿದವರಿಗೆ ಇಂಥದ್ದೊಂದು ಆಕ್ಷೇಪ ಇತ್ತು ಅನ್ನುವುದೇ ಗೊತ್ತಿರಲಿಲ್ಲ ಅಂತ ಆಮೇಲೆ ತನಿಖಾ ಆಯೋಗ ಹೇಳಿತು. ನಮ್ಮ ಕೆಲಸದಲ್ಲಿ ರಾಕೆಟ್ ಇಲ್ಲದಿರಬಹುದು, ಆದರೆ ಮೆಷಿನ್ ಸದ್ದು ಸರಿಯಿಲ್ಲ ಅಂತ ಮೂರು ಸಲ ಹೇಳಿ ಸುಮ್ಮನಾದವರು ಎಲ್ಲ ಕಡೆ ಇದ್ದಾರೆ.

ಟೊಯೋಟಾ ಕಾರ್ಖಾನೆಗಳಲ್ಲಿ ಇದಕ್ಕೆ ಒಂದು ಏರ್ಪಾಡು ಮಾಡಿದರು. ಏನಾದರೂ ತಪ್ಪು ಕಂಡರೆ ಲೈನಿನಲ್ಲಿ ನಿಂತ ಯಾವ ಕೆಲಸಗಾರನೂ ಹಗ್ಗ ಎಳೆಯಬಹುದು. ತಕ್ಷಣ ಟೀಮ್ ಲೀಡರ್ ಓಡಿ ಬರುತ್ತಾರೆ, ಸರಿಹೋಗದಿದ್ದರೆ ಲೈನೇ ನಿಲ್ಲುತ್ತದೆ. ಹಗ್ಗ ಕಟ್ಟುವುದು ಸುಲಭ. ಎಳೆದಾಗ ಯಾರಾದರೂ ಬರುತ್ತಾರೆ, ಎಳೆದವನನ್ನು ಬೈಯುವುದಿಲ್ಲ ಅನ್ನುವ ನಂಬಿಕೆ ಹುಟ್ಟಿಸುವುದೇ ಕಷ್ಟ. ನಮ್ಮಲ್ಲಿ ಸಲಹೆ ಪೆಟ್ಟಿಗೆ ಇಟ್ಟು ಬೀಗ ಹಾಕುತ್ತಾರೆ, ಹೆಸರು ಬರೆಯಬೇಡಿ ಅಂತ ಸರ್ವೆ ಮಾಡುತ್ತಾರೆ, ಆಮೇಲೆ ಏನಾಯಿತು ಅಂತ ಒಂದು ಮಾತೂ ಇಲ್ಲ. ನಿಮ್ಮ ಸಲಹೆ ಆಗುವುದಿಲ್ಲ, ಈ ಕಾರಣಕ್ಕೆ ಆಗುವುದಿಲ್ಲ ಅಂತ ಹೇಳಿದರೂ ಬೇಜಾರಿಲ್ಲ. ಉತ್ತರವೇ ಇಲ್ಲದಿದ್ದರೆ ಮುಂದಿನ ಸಲ ಯಾರು ಬರೆಯುತ್ತಾರೆ?

ಮಾತುಕತೆ ಹೆಚ್ಚಿಸುವ ಹೆಸರಿನಲ್ಲಿ ರಾತ್ರಿ ಹತ್ತಕ್ಕೆ ಗ್ರೂಪಿನಲ್ಲಿ ಮೆಸೇಜ್ ಹಾಕಿ ಉತ್ತರ ಕಾಯುವುದೂ ನಿಲ್ಲಬೇಕು. ಫ್ರಾನ್ಸಿನಲ್ಲಿ 2017ರಿಂದ 50 ಜನಕ್ಕಿಂತ ದೊಡ್ಡ ಕಂಪನಿಗಳು ಕೆಲಸದ ಹೊತ್ತು ಮುಗಿದ ಮೇಲೆ ಫೋನು, ಮೇಲುಗಳಿಂದ ದೂರ ಇರುವ ಹಕ್ಕಿನ ಬಗ್ಗೆ ನೌಕರರ ಪ್ರತಿನಿಧಿಗಳ ಜೊತೆ ಮಾತಾಡಲೇಬೇಕು ಅಂತ ಕಾನೂನು ಇದೆ. ಒಳ್ಳೆಯ ಕಾನೂನು.

ಕಂಪನಿ ನಡೆಸುವವರು ಇದನ್ನು ಓದುತ್ತಿದ್ದರೆ ಒಂದು ಸಣ್ಣ ಬೇಡಿಕೆ. ನಾಳೆಯಿಂದ ಹಾಕುವ ಪ್ರತಿ ನೋಟಿಸಿನ ಕೆಳಗೆ ಎರಡು ಸಾಲು ಸೇರಿಸಿ: ಈ ಬಗ್ಗೆ ಯಾರನ್ನು ಕೇಳಬೇಕು, ಯಾವ ಹೊತ್ತಿಗೆ ಸಿಗುತ್ತಾರೆ. ಬರೀ 'ಆಡಳಿತ ಮಂಡಳಿ' ಅಂತ ಸಹಿ ಇದ್ದರೆ ನಾವು ಯಾರ ಬಾಗಿಲು ತಟ್ಟಬೇಕು?

– ಒಬ್ಬ ನೌಕರ