13 ತಿಂಗಳು, 13 ಪೋಸ್ಟರ್, ಒಂದು ಅಮೆಸೆಗ್ನಾಲೆಹು

ನಿನ್ನೆ ಸಂಜೆ ಕೊನೆಯ ಪೋಸ್ಟರ್ ಪ್ರೆಸ್ಸಿನಿಂದ ಬಂತು. ಪಾಗುಮೆಯದು. ಇಥಿಯೋಪಿಯಾದ ಕ್ಯಾಲೆಂಡರಿನಲ್ಲಿ 30 ದಿನದ 12 ತಿಂಗಳು ಕಳೆದ ಮೇಲೆ ಮಿಕ್ಕ 5 ದಿನ (ಕೆಲವು ವರ್ಷ 6) ಸೇರಿ ಆಗುವ ಪುಟ್ಟ ತಿಂಗಳು ಅದು. ತಿಂಗಳಿಗೊಂದು ಪೋಸ್ಟರ್, ಪೋಸ್ಟರಿಗೊಂದು ಉಡುಗೆ ಅಂತ ಲೆಕ್ಕ ಹಾಕಿ ಹೊರಟಿದ್ದೆ. 2025ರ ಸೆಪ್ಟೆಂಬರ್ 11ಕ್ಕೆ ಇಲ್ಲಿ ಹೊಸ ವರ್ಷ, ಇಲ್ಲಿನ ಲೆಕ್ಕದಲ್ಲಿ 2018ನೇ ಇಸವಿ. ಅದರೊಳಗೆ ಮುಗಿಯಿತು. 1960ರ ದಶಕದಲ್ಲಿ ಹಬ್ತೆಸೆಲಾಸಿ ತಫೆಸೆ ಈ ದೇಶದ ಪ್ರವಾಸೋದ್ಯಮಕ್ಕೆ ‘13 ತಿಂಗಳ ಬಿಸಿಲು’ ಅನ್ನುವ ಘೋಷಣೆ ಕೊಟ್ಟಿದ್ದರು. ಜುಲೈ, ಆಗಸ್ಟಿನಲ್ಲಿ ಆಡಿಸ್ ಅಬಾಬದ ಮಳೆಗೆ ಸಿಕ್ಕವರು ಆ ಬಿಸಿಲನ್ನು ನಂಬುವುದು ಕಷ್ಟ, ಆ ಮಾತು ಬೇರೆ.

ಅಮೆಸೆಗ್ನಾಲೆಹು ಅಂದರೆ ಇಲ್ಲಿನ ಅಮ್ಹಾರಿಕ್ ಭಾಷೆಯಲ್ಲಿ ಧನ್ಯವಾದ. ಮೊದಲ ಋಣ ಪಕ್ಕದ ಮನೆಯ ಎಮಾಮಾ ಅವರದು. ವಯಸ್ಸಾದ ಹೆಂಗಸರನ್ನು ಇಲ್ಲಿ ಹಾಗೇ ಕರೆಯುವುದು. ಹೋದ ಅಕ್ಟೋಬರಿನಲ್ಲಿ ವರ್ಷದ ಮೊದಲ ತಿಂಗಳಾದ ಮೆಸ್ಕೆರೆಮ್‌ನ ಪೋಸ್ಟರ್ ತೋರಿಸಲು ಹೋಗಿದ್ದೆ. ಹಳದಿ ಆದೆ ಅಬೆಬಾ ಹೂಗಳ ನಡುವೆ ಕೆಮಿಸ್ ಅನ್ನುವ ಉದ್ದನೆಯ ಬಿಳಿ ನಿಲುವಂಗಿ ತೊಟ್ಟ ಹೆಣ್ಣು, ಮೇಲೆ ತೆಳ್ಳನೆಯ ಹೊದಿಕೆ, ನೆತೆಲಾ. ನೆತೆಲಾದ ಬಣ್ಣದ ಅಂಚನ್ನು, ಅಂದರೆ ತಿಬೆಬ್ಬನ್ನು, ಮುಖಕ್ಕೆ ಕಳೆ ಬರಲಿ ಎಂದು ಕುತ್ತಿಗೆಯ ಸುತ್ತ ತಂದಿದ್ದೆ. ಎಮಾಮಾ ಕನ್ನಡಕ ಹಾಕಿಕೊಂಡು ನೋಡಿ, ಮೆತ್ತಗೆ ಕೇಳಿದರು: “ಯಾರು ತೀರಿಕೊಂಡರು?”

ಅಂಚು ಮೇಲೆ ಬಂದರೆ ಸೂತಕ, ಹಬ್ಬಕ್ಕಾದರೆ ಕೆಳಗೆ ಇಳಿಬಿಡಬೇಕು. ಹೊಸ ವರ್ಷದ ಪೋಸ್ಟರಿನಲ್ಲಿ ಸಾವಿನ ಮನೆ ಬರೆದಿಟ್ಟಿದ್ದೆ ನಾನು! ತಮ್ಮ ನೆತೆಲಾವನ್ನೇ ನನ್ನ ಹೆಗಲಿಗೆ ಹಾಕಿ, ತೆಗೆದು, ಮತ್ತೆ ಹಾಕಿ, ಅರ್ಧ ದಿನ ಕಲಿಸಿದರು.

ಎರಡನೆಯವರು ಆಡಿಸ್ ಅಬಾಬದ ಶಿರೋ ಮೇಡದ ನೇಕಾರರು, ದಕ್ಷಿಣದ ದೊರ್ಜೆ ಜನಾಂಗದವರು. ಅಲ್ಲಿ ನೂಲುವವರು ಹೆಂಗಸರು, ನೇಯುವವರು ಗಂಡಸರು. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಅವರು ನಾನು ಬರೆದ ತಿಬೆಬ್ಬಿನ ಬಳ್ಳಿ ನೋಡಿ ನಕ್ಕರು. “ಈ ಬಳುಕು ಮಗ್ಗದಲ್ಲಿ ಬರೋದಿಲ್ಲ.” ಹೌದಲ್ಲ! ಹಾಸಿನ ಎಳೆ ಎಣಿಸಿ ಎತ್ತುವಾಗ ಬಳ್ಳಿಯೂ ಮೆಟ್ಟಿಲು ಮೆಟ್ಟಿಲಾಗಿಯೇ ಹತ್ತಬೇಕು. ಇಳಕಲ್ಲಿನ ನೇಕಾರರ ಮನೆಯಲ್ಲಿ ಹುಟ್ಟಿದವಳಿಗೆ ಇದು ಹೊಳೆಯದೆ ಹೋಯಿತಲ್ಲ ಅಂತ ನಾಚಿಕೆಯಾಯಿತು. ಅಷ್ಟನ್ನೂ ಅಳಿಸಿ, ಗ್ರಾಫ್ ಹಾಳೆಯ ಮೇಲೆ ಎಳೆ ಎಣಿಸಿ ಹೊಸದಾಗಿ ಬರೆದೆ. ವಿಡಿಯೋ ಕಾಲಿನಲ್ಲಿ ಆ ಮಗ್ಗ ತೋರಿಸಿದಾಗ ಅವ್ವ ಅಂದದ್ದು ಇಷ್ಟೇ: “ನಿಮ್ಮಜ್ಜನ ಕುಣಿ ಇಷ್ಟ್ ಆಳ ಇದ್ದಿಲ್ಲ ನೋಡವಾ.” ಗೋಮಿ ದಡಿಯ ಹಳೇ ಸೀರೆಯ ಫೋಟೋ ಕಳಿಸಿದ್ದಕ್ಕೆ ಅವ್ವನಿಗೂ ಶರಣು.

ಪ್ರೆಸ್ಸಿನ ಹುಡುಗನಿಗೆ ಥ್ಯಾಂಕ್ಸ್. ಇಲ್ಲಿನ ಬರಹದ ಗೀಝ್ ಲಿಪಿಯಲ್ಲೂ ನಮ್ಮ ಕಾಗುಣಿತದ ಹಾಗೆ ಒಂದೊಂದು ಅಕ್ಷರಕ್ಕೆ ಏಳೇಳು ರೂಪ, ಅದು ಬೇಗ ಒಗ್ಗಿತು. ಆದರೆ ‘ಸ’ ಎರಡಿವೆ, ಉಚ್ಚಾರ ಒಂದೇ. ಮೆಸ್ಕೆರೆಮ್‌ಗೆ ನಾನು ಹಾಕಿದ್ದು ತಪ್ಪು ‘ಸ’. 200 ಪ್ರತಿ ಅಚ್ಚಾಗುವ ಮೊದಲೇ ಹಿಡಿದ, ಪುಣ್ಯಾತ್ಮ. ಅಜ್ಜಿಯ ಉಡುಪಿನ ಮಡಿಕೆ ಬಿಚ್ಚಿ ತೋರಿಸಿದ ಹರಾರಿನ ಗೆಳತಿಗೆ, ಕೆಂಪು ಹಳದಿ ಕಪ್ಪು ಪಟ್ಟೆಯ ದುಂಗುಜಾ ಬಟ್ಟೆ ಎರವಲು ಕೊಟ್ಟ ನನ್ನವರ ಸಹೋದ್ಯೋಗಿಗೆ, ಊಟ ತಡವಾದರೂ ಸುಮ್ಮನಿದ್ದ ನನ್ನವರಿಗೆ ಕೂಡ.

ಇನ್ನೊಂದು ಹೇಳಲೇಬೇಕು. ಜನವರಿಯ ಒಂದು ಬೆಳಗ್ಗೆ ಕಿಟಕಿಯಿಂದ ನೋಡಿದರೆ ಎಮಾಮಾ ಗೇಟಿನ ಹತ್ತಿರ ನಿಂತಿದ್ದರು. ತಿಬೆಬ್ ಕುತ್ತಿಗೆಯ ಹತ್ತಿರ ಇತ್ತು. ಯಾರೂ ಏನೂ ಹೇಳಿರಲಿಲ್ಲ. ಚಪ್ಪಲಿ ಮೆಟ್ಟಿ ಓಡಿದೆ. ಅವರ ತಂಗಿ ಹೋಗಿಬಿಟ್ಟಿದ್ದರು. ಇದ್ದಿರಿನವರು, ಸಾವಿನ ಹೊತ್ತಿಗೆ ನೆರವಾಗಲೆಂದು ಓಣಿಯ ಜನ ಕಟ್ಟಿಕೊಂಡ ಸಂಘದವರು, ಆಗಲೇ ಡೇರೆ ಹೊಡೆಯುತ್ತಿದ್ದರು. ಸಮಾಧಾನ ಹೇಳಬೇಕಾದ ನನಗೇ ಅಳು ಬಂತು. ಬೆನ್ನು ಸವರಿ “ಐಜೋಶ್” ಅಂದವರು ಅವರೇ. ಧೈರ್ಯ ತಂದುಕೋ ಮಗಳೇ ಅಂತ.

ಇದನ್ನು ಬರೆಯುತ್ತಿರುವುದು ಅವರ ಮನೆಯಲ್ಲೇ. ನೆಲದ ಮೇಲೆ ಹಸಿ ಹುಲ್ಲು ಹಾಸಿದ್ದಾರೆ, ಕಾಫಿಯ ಹೂಜಿ, ಜೆಬೆನಾ, ಕೆಂಡದ ಮೇಲಿದೆ. ಮೊದಲ ಸುತ್ತು ಅಬೋಲ್ ಆಯಿತು, ಎರಡನೆಯದು ತೋನಾ ಬಗ್ಗಿಸುತ್ತಿದ್ದಾರೆ. ಮೂರನೆಯದು ಬರಕಾ, ಅದನ್ನು ಕುಡಿಯದೆ ಏಳುವ ಹಾಗಿಲ್ಲ. ಫೋನ್ ಕೆಳಗಿಡು ಅಂತ ಇದು ಎರಡನೇ ಸಲ ಹೇಳುತ್ತಿದ್ದಾರೆ.